ನಾಯಕನ ಎದುರು ನಿಂತವರು



ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಸುಲ್ತಾನನ ಒಂದೊಂದು ಘೋಷಣೆಗೂ ಒಬ್ಬ ಕಾದು ಕೂತಿರುತ್ತಾನೆ. ಅವನು ಅಗಸ ಅಜೀಜ. ಪ್ರಜೆಯೂ ಸುಲ್ತಾನನ ಮೇಲೆ ದಾವೆ ಹೂಡಬಹುದು ಎಂದಾದಾಗ ಬ್ರಾಹ್ಮಣನ ವೇಷ ತೊಟ್ಟು ದಾವೆ ಗೆಲ್ಲುತ್ತಾನೆ. ತಾಮ್ರದ ನಾಣ್ಯ ಚಲಾವಣೆಗೆ ಬಂದರೆ ಖೋಟಾ ನಾಣ್ಯಕ್ಕೆ ಕೈಹಾಕುತ್ತಾನೆ. ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಹೊರಟರೆ ದಾರಿಯಲ್ಲಿ ನಿರ್ಗತಿಕರಿಂದಲೂ ಲಂಚ ಕೀಳುತ್ತಾನೆ. ಕಡೆಗೆ ಖಲೀಫರ ವಂಶದ ಅತಿಥಿಯನ್ನೇ ಕೊಂದು, ಅವನ ಸೋಗಿನಲ್ಲಿ ಸುಲ್ತಾನನ ಸ್ವಾಗತ ಪಡೆಯುತ್ತಾನೆ.

ನಾಯಕನ ಗುಣ ಎದ್ದು ಕಾಣಲೆಂದು ಅವನ ಪಕ್ಕದಲ್ಲಿ ಬೇರೆ ಸ್ವಭಾವದ ಒಬ್ಬನನ್ನು ನಿಲ್ಲಿಸುವುದು ಹಳೆಯ ತಂತ್ರ. ಇಂಥ ಎದುರುಪಾತ್ರವನ್ನು ಖಳನ ಜೊತೆ ಗೊಂದಲ ಮಾಡಿಕೊಳ್ಳಬಾರದು. ಖಳ ನಾಯಕನ ದಾರಿಗೆ ಅಡ್ಡ ಬರುತ್ತಾನೆ. ಅಜೀಜ ಸುಲ್ತಾನ ತೋರಿಸಿದ ದಾರಿಯಲ್ಲೇ ನಡೆಯುತ್ತಾನೆ. ಒಬ್ಬನ ಆದರ್ಶ ಇನ್ನೊಬ್ಬನ ಕಸುಬಾಗುತ್ತದೆ. ಸಿಕ್ಕಿಬಿದ್ದಾಗಲೂ ಆತ ಹೆದರದೆ, ತಾನೇ ಸುಲ್ತಾನನ ನಿಜವಾದ ಅನುಯಾಯಿ ಎಂದು ವಾದಿಸುತ್ತಾನೆ. ಅವನ ತಲೆ ಹಾರಿಸಬೇಕಾದ ಸುಲ್ತಾನ ದಖ್ಖನಿನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಕೊಡುತ್ತಾನೆ. ಇಬ್ಬರ ನಡುವಿನ ಹೋಲಿಕೆಯೇ ವೈರುಧ್ಯಕ್ಕಿಂತ ಭಯಂಕರವಾದದ್ದು ಎಂದು ತೋರುವುದು ಇಲ್ಲಿ.

ಮರುವರ್ಷ ಬಂದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಈ ತಂತ್ರವನ್ನು ಇನ್ನೂ ಕಷ್ಟದ ಪರೀಕ್ಷೆಗೆ ಒಡ್ಡಿತು. ಅಲ್ಲಿ ಎದುರುಪಾತ್ರ ಹೆಣ. ಆಚಾರ ಮುರಿದ ಬ್ರಾಹ್ಮಣ ನಾರಣಪ್ಪ ಸತ್ತ ಸುದ್ದಿಯನ್ನು ಅವನ ಜೊತೆ ಬಾಳುತ್ತಿದ್ದ ಚಂದ್ರಿ ತಂದಾಗಲೇ ಕಥೆ ಶುರು. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ದೇವಸ್ಥಾನದ ಹೊಂಡದ ಮೀನು ಹಿಡಿದವನು ಎಂಬುದೆಲ್ಲ ನಮಗೆ ಗೊತ್ತಾಗುವುದು ಅಗ್ರಹಾರದವರ ಮಾತಿನಿಂದ, ಅಲ್ಲಿನ ಪಂಡಿತ, ಕಥಾನಾಯಕ ಪ್ರಾಣೇಶಾಚಾರ್ಯರ ನೆನಪಿನಿಂದ. ಬದುಕಿದ್ದಾಗ ಆಚಾರ್ಯರು ಗೆಲ್ಲಲಾಗದವನು, ಸತ್ತ ಮೇಲೆ ತನ್ನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಯಿಂದ ಅವರ ಶಾಸ್ತ್ರಜ್ಞಾನವನ್ನೇ ನಿರುತ್ತರಗೊಳಿಸುತ್ತಾನೆ. ಕಾಡಿನ ಕತ್ತಲಲ್ಲಿ ಚಂದ್ರಿಯ ತೋಳಿಗೆ ಸೇರಿದ ಮೇಲಂತೂ ಆಚಾರ್ಯರು ನಾರಣಪ್ಪನ ಜಾಗದಲ್ಲೇ ನಿಂತಿರುತ್ತಾರೆ. ಆಮೇಲೆ ಮೇಳಿಗೆಯ ಜಾತ್ರೆಯಲ್ಲಿ ಬೆನ್ನು ಬಿಡದ, ಬಾಯಿ ಮುಚ್ಚದ ಪುಟ್ಟನಿದ್ದಾನಲ್ಲ, ಅವನ ಹಗುರತನದ ಪಕ್ಕದಲ್ಲಿ ಆಚಾರ್ಯರ ಸಂಕಟ ಇನ್ನಷ್ಟು ಭಾರವಾಗುತ್ತದೆ.

ಎದುರುಪಾತ್ರಗಳ ಕುರಿತ ಈ ಎರಡು ದಿನಗಳ ಗೋಷ್ಠಿ ನಾಯಕರ ನೆರಳಲ್ಲಿ ನಿಂತ ಹೆಂಗಸರ ಕಡೆಗೂ ಗಮನ ಕೊಡಬೇಕು. ಆಚಾರ್ಯರ ರೋಗಿಷ್ಠ ಹೆಂಡತಿ ಭಾಗೀರಥಿ, ಚೆಲುವೆ ಚಂದ್ರಿ: ಆಚಾರ್ಯರ ವ್ರತ ಮತ್ತು ಅದರ ಭಂಗವನ್ನು ಅಳೆಯಲೆಂದೇ ಇಬ್ಬರನ್ನೂ ಇಟ್ಟಂತಿದೆ, ಇದು ಕಾದಂಬರಿಯ ದೊಡ್ಡ ಕೊರತೆ. ಆದರೆ ಅಗ್ರಹಾರವಿಡೀ ತೀರ್ಮಾನಕ್ಕೆ ಬಾರದೆ ಉಪವಾಸ ಕೂತಿದ್ದಾಗ, ಮುಸ್ಲಿಂ ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು ರಾತ್ರೋರಾತ್ರಿ ಹೆಣ ಸುಡಿಸಿದವಳು ಚಂದ್ರಿ. ಆ ನಿರ್ಧಾರ ಯಾರ ಗುಣವನ್ನೂ ಎತ್ತಿ ತೋರಿಸಲು ಬಂದದ್ದಲ್ಲ, ಅವಳದೇ. ಅದನ್ನು ಅವಳದೇ ಆಗಿ ಓದುವ ಪ್ರಬಂಧಗಳಿಗಾಗಿ ಈ ಗೋಷ್ಠಿ ಎದುರುನೋಡುತ್ತಿದೆ.