ವೃದ್ಧರ ಶುಶ್ರೂಷೆ: ಆಸ್ಪತ್ರೆಯೂ ಆಶ್ರಮವೂ ಕೈಜೋಡಿಸಬೇಕು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಗತಿಸಿದವರ ಗುಣಗಾನ ಸಹಜ. ಆದರೆ ಈ ನೂರು ವರ್ಷಗಳ ಬಹುಭಾಗವನ್ನು ಕಣ್ಣಾರೆ ಕಂಡು, ಇಂದಿಗೂ ನಮ್ಮೊಡನೆ ಬದುಕಿರುವ ಹಿರಿಯರ ವಿಷಯವನ್ನೆತ್ತುವುದು ಹೆಚ್ಚು ಉಚಿತವೆಂದು ನಮಗೆ ತೋರಿತು. ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನೊಯ್ಯುವಾಗ ನಾವು ಕಾಣುವ ನೋಟ ಬಹುತೇಕ ಒಂದೇ. ಮನೆ ದೊಡ್ಡದು; ನೆಲಕ್ಕೆ ನುಣುಪಾದ ಹಾಸುಗಲ್ಲು (ಮುದಿಗಾಲುಗಳಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ); ಗೋಡೆಯ ತುಂಬ ಮಕ್ಕಳ ಮದುವೆಯ ಚಿತ್ರಗಳು; ಒಳಗೆ ಇಬ್ಬರು ವೃದ್ಧರು, ಇಲ್ಲವೇ ಒಬ್ಬರೇ.

ಮಂಗಳೂರು ಕಡೆಯ ಅನೇಕ ಯುವಕ ಯುವತಿಯರು ಇಸ್ರೇಲಿಗೆ ತೆರಳಿ ಅಲ್ಲಿನ ವೃದ್ಧರ ಆರೈಕೆಯನ್ನೇ ವೃತ್ತಿಯಾಗಿ ಕೈಗೊಂಡಿದ್ದಾರೆ. ಪರರ ತಂದೆತಾಯಿಗಳನ್ನು ಎತ್ತಿ ಕೂರಿಸಿ, ಮೀಯಿಸಿ, ಉಣಿಸುವ ಈ ಕೈಗಳ ಸ್ವಂತ ತಂದೆತಾಯಿಗಳು ಇಲ್ಲಿ ನೆರೆಯವರ ದಯೆಯಲ್ಲಿದ್ದಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಅವರು ಕಳುಹಿಸುವ ಹಣದಿಂದ ಎಷ್ಟು ಮನೆಗಳ ಒಲೆ ಉರಿಯುತ್ತಿದೆಯೆಂಬುದು ನಮಗೆ ತಿಳಿಯದ್ದಲ್ಲ. ನಮ್ಮ ಪ್ರಶ್ನೆ ಬೇರೆ: ಅಲ್ಲಿ ಸಂಬಳಕ್ಕೆ ಅರ್ಹವಾದ ವಿದ್ಯೆಯಾಗಿರುವುದು ಇಲ್ಲಿ ವಿದ್ಯೆಯೇ ಅಲ್ಲವೆಂಬ ಭಾವನೆ ಏಕೆ?

ಪ್ರೀತಿಯೊಂದಿದ್ದರೆ ಸಾಕೆಂಬ ಮಾತನ್ನು ನಾವು ಒಪ್ಪಲಾರೆವು. ವೃದ್ಧರ ದೇಹ ರೋಗವನ್ನು ಬೇರೆಯೇ ಭಾಷೆಯಲ್ಲಿ ಹೇಳುತ್ತದೆ. ಶ್ವಾಸಕೋಶದ ಸೋಂಕು ತಗಲಿದರೂ ಜ್ವರ ಬಾರದಿರಬಹುದು. ಬದಲಾಗಿ ಅಜ್ಜಿ ಒಮ್ಮೆಲೇ ಅಸಂಬದ್ಧವಾಗಿ ಮಾತನಾಡಲಾರಂಭಿಸುತ್ತಾಳೆ. "ವಯಸ್ಸಾಯಿತು, ಅರಳುಮರಳು" ಎಂದು ಮನೆಯವರು ಸುಮ್ಮನಾಗುತ್ತಾರೆ. ಎದೆನೋವಿಲ್ಲದೆಯೇ ಹೃದಯಾಘಾತವಾಗುವುದುಂಟು. ನಾಲ್ವರು ವೈದ್ಯರು ಬರೆದ ಹತ್ತು ಬಗೆಯ ಮಾತ್ರೆಗಳು ಒಂದೇ ಹೊಟ್ಟೆಯಲ್ಲಿ ಸೇರಿ, ತಲೆಸುತ್ತು ಬಂದು, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಆಮೇಲಿನ ಹಾಸಿಗೆವಾಸದಲ್ಲಿ ಮೈ ಮಗ್ಗುಲು ಬದಲಿಸುವವರಿಲ್ಲದೆ ಹುಣ್ಣಾಗುತ್ತದೆ. ಇದರಲ್ಲಿ ಬಹುಪಾಲು ತಡೆಯಬಹುದಾದದ್ದು. ತಡೆಯಲು ಬಲ್ಲವರು ಬೇಕು.

ಇದನ್ನು ಲೋಕಕ್ಕೆ ತೋರಿಸಿಕೊಟ್ಟವರು ಲಂಡನ್ನಿನ ಡಾಕ್ಟರ್ ಮಾರ್ಜೊರಿ ವಾರೆನ್. 1935ರಲ್ಲಿ ಅವರು ದುಡಿಯುತ್ತಿದ್ದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ನಿರ್ಗತಿಕರ ಆಶ್ರಯಧಾಮದ ರುಗ್ಣಾಲಯವನ್ನು ವಹಿಸಿಕೊಂಡಿತು. ಅಲ್ಲಿ 714 ಮಂದಿ ಇದ್ದರು; ವರ್ಷಗಟ್ಟಲೆ ಹಾಸಿಗೆಯಲ್ಲೇ ಕೊಳೆಯುತ್ತಿದ್ದವರೇ ಹೆಚ್ಚು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ವಿಂಗಡಿಸಿದರು, ಗೋಡೆಗೆ ತಿಳಿಬಣ್ಣ ಬಳಿಸಿದರು, ಬೆಳಕು ಹೆಚ್ಚಿಸಿದರು, ಎದ್ದು ನಡೆಯುವ ಅಭ್ಯಾಸ ಮಾಡಿಸಿದರು. ಅನೇಕರು ಮನೆಗೆ ಮರಳಿದರು. ವೃದ್ಧರ ಚಿಕಿತ್ಸೆಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲೇಬೇಕೆಂದು 1940ರ ದಶಕದಲ್ಲಿ ಅವರು ಬರೆದರು. ಆಸ್ಪತ್ರೆಯೂ ಆಶ್ರಯಧಾಮವೂ ಒಂದಾದುದರಿಂದ ಹುಟ್ಟಿದ ವಿದ್ಯೆಯಿದು ಎಂಬುದನ್ನು ಗಮನಿಸಬೇಕು.

ಇದೇ ಮಾರ್ಗವನ್ನು ಅಮೆರಿಕದಲ್ಲಿ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 1982ರಿಂದ 1987ರವರೆಗೆ ಪರೀಕ್ಷಿಸಿ ನೋಡಿತು. 11 ಶುಶ್ರೂಷಾ ವಿದ್ಯಾಲಯಗಳನ್ನು 12 ವೃದ್ಧಾಶ್ರಮಗಳೊಡನೆ ಜೋಡಿಸಿತು. ಅಧ್ಯಾಪಕಿಯರು ಆಶ್ರಮದಲ್ಲೇ ಹೊಣೆ ಹೊತ್ತು ದುಡಿದರು. ವಿದ್ಯಾರ್ಥಿನಿಯರು ಅಲ್ಲೇ ಕಲಿತರು. ಆಶ್ರಮವಾಸಿಗಳು ಆಸ್ಪತ್ರೆಗೆ ಸೇರಬೇಕಾದ ಪ್ರಸಂಗಗಳು ಕಡಿಮೆಯಾದುವೆಂದು ಕಂಡುಬಂದಿತು. ಆದರೆ ಪ್ರತಿಷ್ಠಾನದ ಹಣ ನಿಂತೊಡನೆ ಬಹುತೇಕ ಬಂಧಗಳು ಸಡಿಲಗೊಂಡುವು. ನಮಗೆ ಈ ಸೋಲು ಆ ಗೆಲುವಿಗಿಂತ ಹೆಚ್ಚು ಉಪಯುಕ್ತ.

ನಮ್ಮ ದೇಶವೇನೂ ಕಣ್ಮುಚ್ಚಿ ಕುಳಿತಿಲ್ಲ. ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ವಿ. ಎಸ್. ನಟರಾಜನ್ ಅವರು 1978ರಲ್ಲಿ ವೃದ್ಧರಿಗಾಗಿ ಹೊರರೋಗಿ ವಿಭಾಗ ತೆರೆದರು; 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಆರಂಭವಾಯಿತು. 2010-11ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವನ್ನು ಹಮ್ಮಿಕೊಂಡು, ಆರಂಭದಲ್ಲಿ ಎಂಟು ವೈದ್ಯಕೀಯ ಸಂಸ್ಥೆಗಳನ್ನು ಪ್ರಾದೇಶಿಕ ಕೇಂದ್ರಗಳಾಗಿ ಆರಿಸಿತು. 2011ರ ಜನಗಣತಿಯಂತೆ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿಗೂ ಹೆಚ್ಚು. ಇಷ್ಟು ಜನರಿಗೆ ತಜ್ಞ ವೈದ್ಯರನ್ನಷ್ಟೇ ನಂಬಿ ಕೂರಲಾಗದು. ದಾದಿಯರು, ಅಂಗಸಾಧನೆ ಮಾಡಿಸುವವರು, ಮನೆಮನೆಗೆ ಹೋಗುವ ಸಹಾಯಕರು ತರಬೇತಿ ಹೊಂದಬೇಕು.

ಧರ್ಮಸಭೆಗೆ ಇಲ್ಲಿ ವಿಶೇಷ ಅನುಕೂಲವಿದೆ. 1839ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬ ಬಡ ಹೆಣ್ಣುಮಗಳು ಕುರುಡಿಯಾದ ಒಬ್ಬ ಮುದುಕಿಗೆ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. 2009ರಲ್ಲಿ ಸಂತಪದವಿಗೇರಿದ ಆಕೆಯ ಸಭೆಯ ಭಗಿನಿಯರು 1900ರಿಂದ ಬೆಂಗಳೂರಿನಲ್ಲಿ ವೃದ್ಧರ ಮನೆ ನಡೆಸುತ್ತಿದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪತಿ ಔಷಧಾಲಯ ಇಂದು ವೈದ್ಯಕೀಯ ಕಾಲೇಜನ್ನೂ ಒಳಗೊಂಡ ಸಂಸ್ಥೆಯಾಗಿದೆ. ಬೆಂಗಳೂರಿನ ಸಂತ ಜಾನರ ಕಾಲೇಜು 1963ರದು. ಆಶ್ರಮಗಳಲ್ಲಿ ಅನುಭವವಿದೆ, ಕಾಲೇಜುಗಳಲ್ಲಿ ಶಾಸ್ತ್ರವಿದೆ. ಕಾಲೇಜಿನ ವಾರ್ಡಿನಲ್ಲಿ ರೋಗಿ ನಾಲ್ಕು ದಿನವಿದ್ದು ಹೋಗುತ್ತಾನೆ; ಮರೆವಿನ ರೋಗ ವರ್ಷಗಳಲ್ಲಿ ಹೇಗೆ ಹೆಜ್ಜೆಯಿಡುತ್ತದೆಂಬುದನ್ನು ಆಶ್ರಮದಲ್ಲಿ ಮಾತ್ರ ಕಲಿಯಬಹುದು.

ಒಪ್ಪಂದಕ್ಕೆ ಸಹಿ ಹಾಕಿ, ಹಾರ ಹಾಕಿಸಿಕೊಂಡು, ಚಿತ್ರ ತೆಗೆಸಿಕೊಂಡ ಮೇಲೆ ಮೂರನೆಯ ತಿಂಗಳು ಯಾರೂ ಬಾರದಿರುವುದನ್ನು ನಾವು ನೋಡಿದ್ದೇವೆ. ಆದ್ದರಿಂದ ನಮ್ಮ ಸೂಚನೆ ಸಣ್ಣದು. ಒಬ್ಬ ವಿದ್ಯಾರ್ಥಿನಿಗೆ ಒಬ್ಬ ಹಿರಿಯರನ್ನು ಆರು ತಿಂಗಳ ಕಾಲ ಒಪ್ಪಿಸಬೇಕು. ವಾರದ ಗೊತ್ತಾದ ದಿನ ಅಧ್ಯಾಪಕರು ತಪ್ಪದೆ ಬರಬೇಕು, ಆ ಭೇಟಿ ಅವರ ಕೆಲಸದ ಲೆಕ್ಕಕ್ಕೆ ಸೇರಬೇಕು. ಆಶ್ರಮದಲ್ಲಿ ಇಪ್ಪತ್ತು ವರ್ಷ ಮೈತೊಳೆಸಿದ ಆಯಾ ಕೂಡ ಪಾಠ ಹೇಳುವ ಸ್ಥಾನದಲ್ಲಿ ಕೂರಬೇಕು. ಅವಳಿಗೂ ಪ್ರಮಾಣಪತ್ರ, ಅದಕ್ಕೆ ತಕ್ಕ ಸಂಬಳ ದೊರೆಯಬೇಕು. ಖರ್ಚನ್ನು ಎರಡೂ ಕಡೆಯವರು ಮೊದಲ ದಿನದಿಂದಲೇ ಹಂಚಿಕೊಳ್ಳಬೇಕು. ದಾನಿಗಳ ಹಣವನ್ನು ನಂಬಿ ತೊಡಗಬಾರದು.

ನಮ್ಮ ಧರ್ಮಕೇಂದ್ರದ ಪಾಲಿಗೆ, ಶತಮಾನೋತ್ಸವ ಭವನದ ಕೆಳಗಿನ ಎರಡು ಕೋಣೆಗಳನ್ನು ಈ ತರಬೇತಿಗೆ ಬಿಟ್ಟುಕೊಡಲು ಪಾಲನಾ ಸಮಿತಿ ಒಪ್ಪಿದೆ. ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ವಾರ್ಡಿನ ಗುರಿಕಾರರು ಈ ತಿಂಗಳೊಳಗೆ ತಯಾರಿಸಿ ಕೊಡಬೇಕೆಂದು ಕೋರುತ್ತೇವೆ. ವಿದೇಶದಿಂದ ರಜೆಗೆ ಬಂದಿರುವ, ಈ ಕೆಲಸ ಬಲ್ಲ ಮಕ್ಕಳು ಸಭೆ ಮುಗಿದ ಮೇಲೆ ಒಂದು ಗಳಿಗೆ ಉಳಿದುಕೊಳ್ಳಲಿ. ಮೊದಲ ಪಾಠಕ್ಕೆ ಅವರೇ ಬೇಕಾಗಿದ್ದಾರೆ.