ಹಣ್ಣಿಗೂ ತವರುಂಟು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಅದೇ ಚಕ್ರವರ್ತಿಯ ಬೇರೊಂದು ಶಾಸನ, ಗಿರ್ನಾರ್ ಮೊದಲಾದೆಡೆಗಳಲ್ಲಿ ದೊರೆತದ್ದು, ಬೇರು ಹಣ್ಣುಗಳಿಲ್ಲದ ನಾಡುಗಳಿಗೆ ಅವನ್ನು ತರಿಸಿ ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಹೊರನಾಡಿನ ಹಣ್ಣನ್ನು ತಂದು ಬೆಳೆಸುವ ಹಂಬಲ ಇಂದಿನದಲ್ಲ.

ನಮ್ಮ ನುಡಿಯೂ ಇದಕ್ಕೆ ಸಾಕ್ಷಿ. ಪಪ್ಪಾಯವನ್ನು ಪರಂಗಿ ಹಣ್ಣೆಂದು ಕರೆದು ಅದರ ಪರಕೀಯತೆಯನ್ನು ಹೆಸರಿನಲ್ಲೇ ಉಳಿಸಿಕೊಂಡೆವು. ಸೀತಾಫಲದ ಕಥೆ ಬೇರೆ. ಅದೂ ಅಮೆರಿಕದ ಉಷ್ಣವಲಯದಿಂದ ಬಂದದ್ದೇ. ಆದರೆ ಬೇಸಗೆಯಲ್ಲಿ ಎಲೆಯುದುರಿಸಿ ಬರವನ್ನು ತಾಳುವ, ಆಡುಗಳು ಬಾಯಿಡದ ಆ ಗಿಡ ಚಿತ್ರದುರ್ಗ ಸೀಮೆಯ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆದು ಮನೆಮಗಳಾಯಿತು.

ಅದರ ದಾಯಾದಿ ಚೆರಿಮೋಯ. ಆಂಡೀಸ್ ಪರ್ವತಶ್ರೇಣಿಯ ತಂಪಿನಲ್ಲಿ ಹುಟ್ಟಿದ ಈ ಹಣ್ಣಿನ ರುಚಿಯನ್ನು ಬಲ್ಲವರು ಕೊಂಡಾಡುತ್ತಾರೆ. ಆದರೆ ಬಯಲುಸೀಮೆಯ ಬಿಸಿಲು ಅದಕ್ಕೆ ಒಗ್ಗದು. 1908ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೆಸ್ಟರ್ ಎಂಬ ವಿಜ್ಞಾನಿ ಇವೆರಡನ್ನೂ ಸಂಕರಗೊಳಿಸಿದರು. ಆ ಬಗೆಯ ಸಂಕರವೊಂದನ್ನು ಮತ್ತೆ ಸೀತಾಫಲದೊಡನೆ ಕೂಡಿಸಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ತಳಿಯೇ 'ಅರ್ಕಾ ಸಹನ್'. ಬೆಟ್ಟದ ಹಣ್ಣು ಬಯಲಿಗೆ ಬಂದುದು ಹೀಗೆ, ಬಂಧುತ್ವದ ದಾರಿಯಿಂದ. ಆದರೂ ಅದರ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದರೇ ಕಾಯಿ ಚೆನ್ನಾಗಿ ಕಟ್ಟುವುದು. ಒಂದೇ ಹೂವಿನಲ್ಲಿ ಹೆಣ್ಣುಭಾಗ ಮೊದಲು ಪಕ್ವವಾಗುತ್ತದೆ, ಗಂಡುಭಾಗ ಅನಂತರ. ಒಣಗಾಳಿಗೆ ಹೆಣ್ಣುಭಾಗದ ತೇವ ಬೇಗ ಆರಿಹೋಗುತ್ತದೆ.

ಸೇಬಿನದು ಇನ್ನೊಂದು ಬಗೆಯ ಹಟ. ಅದರ ಸಾಂಪ್ರದಾಯಿಕ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸಾವಿರ ಗಂಟೆಗಳಷ್ಟು ಬೇಕು. ಆ ನಿದ್ರೆ ಪೂರ್ಣವಾಗದೆ ಮೊಗ್ಗು ಸರಿಯಾಗಿ ಕಣ್ತೆರೆಯದು. ಇಸ್ರೇಲಿನ 'ಅನ್ನಾ', ಹಿಮಾಚಲದ ಹರಿಮನ್ ಶರ್ಮರ 'ಎಚ್‌ಆರ್‌ಎಂಎನ್-99' ಅಲ್ಪ ಚಳಿಯಲ್ಲೇ ಫಲ ಕೊಡುವ ತಳಿಗಳು. ಆದರೆ ಚಳಿಯ ಬೇಡಿಕೆ ಕಡಿಮೆಯಾದ ಮಾತ್ರಕ್ಕೆ ನೀರಿನ ಬೇಡಿಕೆ ಕಡಿಮೆಯಾಗುವುದಿಲ್ಲ.

ಇಲ್ಲಿಯೇ ಚಳ್ಳಕೆರೆ, ಮೊಳಕಾಲ್ಮೂರುಗಳ ರೈತ ಎಚ್ಚರ ವಹಿಸಬೇಕಾದುದು. ವರ್ಷದ ವಾಡಿಕೆಯ ಮಳೆ 600 ಮಿಲಿಮೀಟರನ್ನೂ ಮುಟ್ಟದ, ಶೇಂಗಾ ಬೆಳೆಯೇ ಮಳೆಯ ದಾರಿ ನೋಡುವ ನೆಲ ಇದು. ಸಸಿ ಮಾರುವವನು ಹಣ್ಣಿನ ಚಿತ್ರ ತೋರಿಸುತ್ತಾನೆಯೇ ಹೊರತು ಅದರ ತವರಿನ ಹವೆಯನ್ನು ತೋರಿಸುವುದಿಲ್ಲ. ಆ ಚಿತ್ರವನ್ನು ನಂಬಿ ಸಾಲ ಮಾಡಿ ಕೊಳವೆಬಾವಿ ಕೊರೆಸಿದರೆ, ಗಿಡ ಒಣಗಿದ ಮೇಲೂ ಸಾಲ ಹಸುರಾಗಿಯೇ ಇರುತ್ತದೆ.

ಹಾಗೆಂದು ಹೊಸ ಹಣ್ಣಿಗೆ ಬಾಗಿಲು ಮುಚ್ಚಬೇಕಾಗಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಎರಡು ಸಸಿ ನೆಟ್ಟು ಮೂರು ಬೇಸಗೆ ನೋಡೋಣ. ಅವು ಬದುಕಿ ಕಾಯಿ ಬಿಟ್ಟರೆ ಎಕರೆಯ ಮಾತು ಆಮೇಲೆ.