ಕಾಲುಚೀಲದ ತುದಿಯಲ್ಲಿ ಕಿತ್ತಳೆ



ಡಿಸೆಂಬರ್ ಬಂತು ಅಂದರೆ ನಮ್ಮ ಸೋಲದೇವನಹಳ್ಳಿಯ ಪೀಜಿಗಳ ಬಾಲ್ಕನಿಯಲ್ಲಿ ನಕ್ಷತ್ರದ ದೀಪಗಳು ತೂಗಾಡೋಕೆ ಶುರು. ಇಲ್ಲಿನ ಕಾಲೇಜುಗಳಿಗೆ ಕೇರಳದಿಂದ, ಮಿಜೋರಾಂನಿಂದ, ನಾಗಾಲ್ಯಾಂಡ್‌ನಿಂದ ಓದೋಕೆ ಬಂದ ಮಕ್ಕಳು ಕಟ್ಟಿದ್ದು ಅವು. ಅದರ ಬೆನ್ನಿಗೇ ಫ್ಯಾನ್ಸಿ ಸ್ಟೋರಿನ ಬಾಗಿಲಲ್ಲಿ ಕೆಂಪು ಕಾಲುಚೀಲಗಳು ನೇತಾಡುತ್ತವೆ. ಬಾಯಿಗೆ ಬಿಳೀ ತುಪ್ಪಳದ ಅಂಚು, ಮೇಲೆ ಸಾಂಟಾ ಕ್ಲಾಸಿನ ಮುಖ. ಒಳಗೆ ಕೈ ಹಾಕಿ ನೋಡಿ, ಹಿಮ್ಮಡಿಗೆ ಜಾಗವೇ ಇರೋದಿಲ್ಲ. ಯಾರ ಕಾಲಿಗೂ ಹಾಕಲಾಗದ ಕಾಲುಚೀಲ ಅದು. ನಿಜವಾದ ಕಾಲು ಹೊಕ್ಕು, ಸವೆದು, ಒಗೆದು, ಒಣಗಿದ ಕಾಲುಚೀಲವೊಂದು ಮಕ್ಕಳ ಉಡುಗೊರೆಯ ಚೀಲವಾದ ಕಥೆ ಇವತ್ತಿನ ನನ್ನ ಮಾತು. ಈ ಕಥೆಯ ಹುಚ್ಚು ನನಗೆ ಹಿಡಿದು ಬಹಳ ವರ್ಷಗಳಾದವು.

ಕಥೆ ಶುರುವಾಗೋದು ಇವತ್ತಿನ ಟರ್ಕಿ ದೇಶದ ಸಮುದ್ರತೀರದಲ್ಲಿ. ಈಗ ದೆಮ್ರೆ ಅನ್ನುವ ಊರನ್ನು ಆಗ ಮೈರಾ ಅನ್ನುತ್ತಿದ್ದರು. ನಾಲ್ಕನೇ ಶತಮಾನದಲ್ಲಿ ಅಲ್ಲಿ ನಿಕೋಲಸ್ ಅಂತ ಒಬ್ಬ ಬಿಷಪ್, ಮುಂದೆ ಸಾಂಟಾ ಕ್ಲಾಸ್ ಆದವನು ಇವನೇ. ಅವನ ಬಗ್ಗೆ ಹೇಳುವ ಕಥೆ ಇದು: ಚೆನ್ನಾಗಿ ಬದುಕಿ ಕೆಟ್ಟ ಒಬ್ಬ ಗೃಹಸ್ಥ, ಅವನಿಗೆ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಕಾಸಿಲ್ಲ. ನಮಗೇನು ಹೊಸ ಸಂಗತಿಯಲ್ಲ ಬಿಡಿ. ನಿಕೋಲಸ್ ರಾತ್ರಿ ಹೊತ್ತು ಬಂದು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ. ದೊಡ್ಡವಳ ಮದುವೆ ಆಯಿತು. ಇನ್ನೊಂದು ರಾತ್ರಿ ಇನ್ನೊಂದು ಗಂಟು, ನಡುವಿನವಳ ಮದುವೆ ಆಯಿತು. ಮೂರನೇ ಸಲ ಆ ತಂದೆ ಕಾದು ಕೂತು, ಓಡಿಹೋಗಿ ಹಿಡಿದುಕೊಂಡ. ಕಾಲಿಗೆ ಬೀಳೋಕೆ ಹೋದವನಿಗೆ ನಿಕೋಲಸ್ ಕೇಳಿಕೊಂಡದ್ದು ಒಂದೇ: ನಾನು ಬದುಕಿರುವ ತನಕ ಇದನ್ನು ಯಾರಿಗೂ ಹೇಳಬೇಡ.

ಮುಂದೆ ಹೇಳುವವರ ಬಾಯಲ್ಲಿ ಕಥೆ ಬೆಳೆಯಿತು. ಕಿಟಕಿ ಹೋಗಿ ಹೊಗೆಗೂಡು ಬಂತು. ಚಿನ್ನ ಹೊಗೆಗೂಡಿನಿಂದ ಜಾರಿ, ಒಲೆಯ ಹತ್ತಿರ ಒಣಗಲು ಹಾಕಿದ್ದ ಹುಡುಗಿಯರ ಕಾಲುಚೀಲದಲ್ಲಿ ಬಿತ್ತು ಅಂತಾಯಿತು. ನನಗೆ ಚಿನ್ನಕ್ಕಿಂತ ಆ ಕೊನೆಯ ಮಾತು ಮುಖ್ಯ, ಯಾರಿಗೂ ಹೇಳಬೇಡ ಅನ್ನುವುದು. ಈ ಇಡೀ ಸಂಪ್ರದಾಯ ನಿಂತಿರುವುದು ಅದರ ಮೇಲೆ.

ಆಮೇಲಿನ ಏಳೆಂಟು ನೂರು ವರ್ಷವನ್ನು ಬೇಗ ಬೇಗ ದಾಟಿಬಿಡೋಣ. 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ನಿಕೋಲಸನ ಅಸ್ಥಿಗಳನ್ನು ಮೈರಾದಿಂದ ಎತ್ತಿಕೊಂಡು ಹೋದರು. ಯುರೋಪಿಗೆಲ್ಲ ಅವನ ಹೆಸರು ಹಬ್ಬಿತು. ಡಿಸೆಂಬರ್ 6 ಅವನ ಹಬ್ಬ. ಹಾಲೆಂಡಿನ ಮಕ್ಕಳು ಹಿಂದಿನ ರಾತ್ರಿ ಬೂಟು ಇಟ್ಟು, ಅದರೊಳಗೆ ಅವನ ಕುದುರೆಗೆ ಹುಲ್ಲೋ ಗಜ್ಜರಿಯೋ ಹಾಕುತ್ತಾರೆ. ಇಟಲಿಯಲ್ಲಿ ಜನವರಿ 6ಕ್ಕೆ ಬೆಫಾನಾ ಅನ್ನುವ ಮುದುಕಿ ಬಂದು ಒಳ್ಳೆಯ ಮಕ್ಕಳ ಕಾಲುಚೀಲಕ್ಕೆ ಮಿಠಾಯಿ, ತುಂಟರ ಕಾಲುಚೀಲಕ್ಕೆ ಇದ್ದಿಲು ತುಂಬುತ್ತಾಳೆ. ಸ್ಪೇನಿನವರು ಉಡುಗೊರೆ ತರುವ ಮೂವರು ರಾಜರಿಗಾಗಿ ಚಪ್ಪಲಿ ಬಿಡುತ್ತಾರೆ. ಊರು ಬೇರೆ, ತಾರೀಕು ಬೇರೆ. ಎಲ್ಲ ಕಡೆಯೂ ಮಗು ತನ್ನ ಕಾಲಿಗೆ ಹಾಕುವ ವಸ್ತುವನ್ನೇ ಖಾಲಿ ಇಟ್ಟು ಮಲಗುತ್ತದೆ.

ಈಗ ನನ್ನ ಅಚ್ಚುಮೆಚ್ಚಿನ ಮನುಷ್ಯನ ಹತ್ತಿರ ಬರುತ್ತೇನೆ. ಜಾನ್ ಪಿಂಟಾರ್ಡ್, ನ್ಯೂಯಾರ್ಕಿನ ವ್ಯಾಪಾರಿ. ಒಬ್ಬ ಗೆಳೆಯನ ಸಾಲಪತ್ರಕ್ಕೆ ಜಾಮೀನು ನಿಂತ. 1792ರಲ್ಲಿ ಆ ಗೆಳೆಯ ದಿವಾಳಿಯಾದ, ಜೊತೆಗೆ ಇವನೂ ಮುಳುಗಿದ, ಕೊನೆಗೆ ಸಾಲಗಾರರ ಜೈಲು ಕಂಡ. ಹೊರಗೆ ಬಂದ ಮೇಲೆ ಸುಮ್ಮನೆ ಕೂರುವ ಆಸಾಮಿಯಲ್ಲ. 1804ರಲ್ಲಿ ನ್ಯೂಯಾರ್ಕಿನ ಇತಿಹಾಸ ಸಂಘ ಕಟ್ಟಿದ. ಬಡವರು ಕಾಸು ಕೂಡಿಡಲು ಉಳಿತಾಯ ಬ್ಯಾಂಕು ತೆರೆಯಲು ಓಡಾಡಿದ. ಊರಿಗೊಬ್ಬ ಸಂತ ಬೇಕು ಅಂತ ಹಠ ಹಿಡಿದು, ನಿಕೋಲಸನನ್ನು ಹಿಂದೆ ಅಲ್ಲಿ ನೆಲೆಸಿದ್ದ ಹಾಲೆಂಡಿನವರ ಹಳೆಯ ನೆನಪಿನಿಂದ ಎಬ್ಬಿಸಿ ತಂದ. 1810ರ ಡಿಸೆಂಬರ್ 6ರಂದು ಸಂಘದ ಔತಣಕ್ಕೆ ಒಂದು ಚಿತ್ರಪಟ ಅಚ್ಚು ಹಾಕಿಸಿದ. ಕೆತ್ತಿದವನು ಅಲೆಕ್ಸಾಂಡರ್ ಆಂಡರ್ಸನ್.

ಆ ಚಿತ್ರವನ್ನು ನೀವೊಮ್ಮೆ ನೋಡಬೇಕು. ಸಾಂಟಾನ ಕೆಂಪು ಅಂಗಿಯೂ ಇಲ್ಲ, ಡೊಳ್ಳುಹೊಟ್ಟೆಯೂ ಇಲ್ಲ. ನೀಳ ನಿಲುವಂಗಿಯ ಗಂಭೀರ ಬಿಷಪ್ ಒಬ್ಬ ನಿಂತಿದ್ದಾನೆ. ಪಕ್ಕದಲ್ಲಿ ಒಲೆಗೂಡು, ಅದರ ಮುಂದೆ ಎರಡು ಕಾಲುಚೀಲ. ಒಂದರಲ್ಲಿ ಆಟದ ಸಾಮಾನು ತುಂಬಿ ತುಳುಕುತ್ತಿದೆ, ಒಬ್ಬಳು ಹುಡುಗಿ ಮಡಿಲಲ್ಲಿ ಉಡುಗೊರೆ ಹಿಡಿದು ಹಿಗ್ಗಿದ್ದಾಳೆ. ಇನ್ನೊಂದರಲ್ಲಿ ಬೆತ್ತದ ಕಟ್ಟು, ಹುಡುಗ ಅಳುತ್ತಿದ್ದಾನೆ. ಸಾಲದಲ್ಲಿ ಮುಳುಗಿ ಎದ್ದ ಮನುಷ್ಯನಿಗೆ, ಕೆಟ್ಟು ಕೂತ ತಂದೆಯೊಬ್ಬನ ಮಾನ ಉಳಿಸಿದ ಸಂತನೇ ಇಷ್ಟವಾದನಲ್ಲ! ಅದು ಆಕಸ್ಮಿಕ ಅಂತ ನನಗಂತೂ ಅನ್ನಿಸುವುದಿಲ್ಲ.

ಹದಿಮೂರು ವರ್ಷ ಕಳೆಯಿತು. 1823ರ ಡಿಸೆಂಬರ್ 23ರಂದು ಟ್ರಾಯ್ ಸೆಂಟಿನಲ್ ಅನ್ನುವ ಸಣ್ಣ ಪತ್ರಿಕೆಯಲ್ಲಿ ನಿಕೋಲಸನ ಆಗಮನದ ಬಗ್ಗೆ ಒಂದು ಪದ್ಯ ಬಂತು. ಹೊಗೆಗೂಡು, ಕಾಲುಚೀಲ, ಹಿಮಸಾರಂಗ ಎಲ್ಲವನ್ನೂ ಲೋಕದ ಮಕ್ಕಳ ತಲೆಯಲ್ಲಿ ಕೂರಿಸಿದ್ದು ಅದು. ಬರೆದವರ ಹೆಸರೇ ಇರಲಿಲ್ಲ! ಕ್ಲೆಮೆಂಟ್ ಮೂರ್ ಅನ್ನುವ ಪಂಡಿತರು 1844ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ಸೇರಿಸಿಕೊಂಡರು. ಲಿವಿಂಗ್‌ಸ್ಟನ್ ಮನೆತನದವರು ಅದು ನಮ್ಮ ಹಿರಿಯರದ್ದು ಅಂತ ಇವತ್ತಿಗೂ ತಕರಾರು ಮಾಡುತ್ತಾರೆ. ನನಗೆ ಆ ಜಗಳ ಬೇಡ. ಕೊಟ್ಟವರ ಹೆಸರಿಲ್ಲದೆ ಬಂದ ಉಡುಗೊರೆ ಅದೂ ಒಂದು ಅಂತ ಇಟ್ಟುಕೊಂಡಿದ್ದೇನೆ.

ಸರಿ, ನಮ್ಮ ಕಡೆ ಬರೋಣ. ಬೆಂಗಳೂರಿನಲ್ಲಿ 1809ರಲ್ಲಿ ಬ್ರಿಟಿಷರ ದಂಡು ನೆಲೆಯಾಯಿತು. ಸಿಪಾಯಿಗಳ ಹಿಂದೆ ಸಂಸಾರಗಳು, ಸಂಸಾರಗಳ ಹಿಂದೆ ಹಬ್ಬಗಳು ಬಂದವು. ಅದರಲ್ಲೂ ನಮ್ಮೂರಿನ ಒಂದು ಪಾಲಿದೆ, ಕೇಳಿ. 1896ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂತಲ್ಲ, ಕೆರೆಯಿಂದ ತಾನಾಗಿ ಹರಿದು ಬಂದ ಆ ನೀರನ್ನು ಎತ್ತಿ ಊರ ಕಡೆ ತಳ್ಳುತ್ತಿದ್ದದ್ದು ಸೋಲದೇವನಹಳ್ಳಿಯ ಉಗಿ ಪಂಪುಗಳು. ಆ ವರ್ಷದಿಂದ ದಂಡಿನ ಬಂಗಲೆಗಳಲ್ಲಿ ಕ್ರಿಸ್‌ಮಸ್ ಪುಡಿಂಗ್ ಬೆಂದದ್ದು ನಮ್ಮೂರು ದಾಟಿಹೋದ ನೀರಿನಲ್ಲಿ ಅಂತ ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಪಕ್ಕದ ಚಿಕ್ಕಬಾಣಾವರದ ಕಡೆ ಹೆಸರಿನಲ್ಲೇ ಹೊಗೆಗೂಡು ಇಟ್ಟುಕೊಂಡ ಚಿಮಣಿ ಹಿಲ್ಸ್ ಅನ್ನುವ ಬಡಾವಣೆಯೂ ಇದೆ. ಇಷ್ಟಾಗಿಯೂ ಕಾಲುಚೀಲ ನೇತುಹಾಕುವ ಹೊಗೆಗೂಡು ನಮ್ಮ ಮನೆಗಳಲ್ಲಿ ಎಲ್ಲಿತ್ತು? ನಮ್ಮದು ಹೆಂಚಿನ ಸಂದಿಯಿಂದ ಹೊಗೆ ಹೋಗುವ ಅಡುಗೆಮನೆ. ಮಕ್ಕಳೋ, ಬರಿಗಾಲು.

ಆಂಗ್ಲೋ-ಇಂಡಿಯನ್ ಮನೆಗಳು ಇದಕ್ಕೊಂದು ದಾರಿ ಹುಡುಕಿದವು. ಹೊಗೆಗೂಡಿನ ಬದಲು ಮಂಚದ ಕಾಲು, ಕಾಲುಚೀಲ ಸಣ್ಣದಾದರೆ ದಿಂಬಿನ ಕವರ್. ಸಾಂಟಾ ಹೇಗೆ ಬರ್ತಾನೆ ಅಂತ ಮಗು ಕೇಳಿದರೆ ಕಿಟಕಿಯಿಂದ ಅನ್ನುವುದು. ನೋಡಿ, ನಿಕೋಲಸನ ಮೂಲ ಕಥೆಯ ಕಿಟಕಿ ಗೊತ್ತಿಲ್ಲದೆ ವಾಪಸು ಬಂದುಬಿಟ್ಟಿತು! ಆಂಗ್ಲೋ-ಇಂಡಿಯನ್ ಮುಂದಾಳು ಡಿ.ಎಸ್. ವೈಟ್ ಅವರು 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ್ ಕೊಟ್ಟ ಜಮೀನಿನಲ್ಲಿ ವೈಟ್‌ಫೀಲ್ಡ್ ಕಟ್ಟಿದ್ದು ಈ ಸಮುದಾಯಕ್ಕಾಗಿಯೇ. ರೈಲ್ವೆ ಕಾಲೊನಿಗಳಲ್ಲಂತೂ ಸಾಂಟಾ ಇಂಜಿನ್ ಏರಿಯೋ ಟ್ರಾಲಿಯಲ್ಲೋ ಬಂದು ಮಕ್ಕಳಿಗೆ ಪೊಟ್ಟಣ ಹಂಚುತ್ತಿದ್ದ. ಹಿಮವಿಲ್ಲದ ಊರಿನಲ್ಲಿ ಹಿಮಸಾರಂಗಕ್ಕಿಂತ ಉಗಿಬಂಡಿ ವಾಸಿ ಅಲ್ಲವೇ?

ಕೋಲಾರದ ಚಿನ್ನದ ಗಣಿಯದ್ದು ಇನ್ನೊಂದು ಕಥೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಂಗ್ಲೆಂಡಿನ ಗಣಿಕೆಲಸದವರು, ಆಂಗ್ಲೋ-ಇಂಡಿಯನ್ನರು, ತಮಿಳು ಕಾರ್ಮಿಕರು ಎಲ್ಲ ಸೇರಿ ಅಲ್ಲಿ ಒಂದು ಲೋಕವೇ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟೂ ಬಂತು. ಡಿಸೆಂಬರಿನ ಚಳಿಗೆ ಅಲ್ಲಿ ನಿಜವಾಗಿಯೂ ಉಣ್ಣೆಯ ಕಾಲುಚೀಲ ಬೇಕಾಗುತ್ತಿತ್ತು. 2001ರಲ್ಲಿ ಗಣಿ ಮುಚ್ಚಿದರು, ಸಂಸಾರಗಳು ಚದುರಿದವು. ಆ ಊರಿನ ಕ್ರಿಸ್‌ಮಸ್ ಎಷ್ಟೋ ಬಾಡಿಗೆ ಮನೆಗಳಿಗೆ ಹಂಚಿಹೋಯಿತು.

ಅದರಲ್ಲೊಂದು ಚೂರು ನಮ್ಮ ಮನೆಯ ಮೇಲಿದೆ. ನಮ್ಮ ಮಹಡಿಯ ಬಾಡಿಗೆಯವರು ಕೆ.ಜಿ.ಎಫ್. ಕಡೆಯವರು. ಗಂಡ ಪೀಣ್ಯದಲ್ಲಿ ಕೆಲಸಕ್ಕೆ ಹೋಗ್ತಾನೆ. ಹೋದ ವರ್ಷ ಒಂದು ರಾತ್ರಿ ಮೆಟ್ಟಿಲಿಳಿದು ಬಂದ, ಕೈಯಲ್ಲೊಂದು ಕವರ್. "ಆಂಟಿ, ಇದನ್ನ ಹಬ್ಬದ ತನಕ ನಿಮ್ಮನೇಲಿ ಇಟ್ಕೊಳ್ತೀರಾ? ಮಗಳು ಬೀರೂನೂ ಬಿಡಲ್ಲ, ಅಟ್ಟಾನೂ ಬಿಡಲ್ಲ."

"ಅದಕ್ಕೇನಂತೆ, ಕೊಡಪ್ಪ" ಅಂದೆ. ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಒಳಗಿದ್ದದ್ದು ಒಂದು ಡಬ್ಬ ಸ್ಕೆಚ್ ಪೆನ್ನು, ಎರಡು ಕ್ಲಿಪ್ಪು, ಗಾಜಿನ ಬಳೆ, ಒಂದು ಕಡಲೆ ಚಿಕ್ಕಿ. ಇಪ್ಪತ್ತನಾಲ್ಕರ ಸಂಜೆ ಮೇಲೆ ನೋಡಿದರೆ ಕಿಟಕಿಯ ಸರಳಿಗೆ ಸ್ಕೂಲ್ ಯೂನಿಫಾರಂನ ಬಿಳೀ ಕಾಲುಚೀಲ ನೇತಾಡ್ತಿದೆ. ಮೇಲುಗಡೆ ನೀಲಿ ಪಟ್ಟಿ, ಹಿಮ್ಮಡಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕೆಮ್ಮಣ್ಣಿನ ಕಲೆ, ಬಟ್ಟೆ ಒಣಹಾಕುವ ಕ್ಲಿಪ್ಪು. ಬೆಳಿಗ್ಗೆ ಆ ಹುಡುಗಿ ಓಡಿಬಂದು, "ಅಜ್ಜಿ, ಸಾಂಟಾಗೆ ನನ್ನ ಬಳೆ ಸೈಜ್ ಹೆಂಗೆ ಗೊತ್ತಾಯ್ತು?" ಅಂತ ಕೇಳಿದಳು. ಅಪ್ಪ ಹಿಂದೆ ನಿಂತು ಆಕಾಶ ನೋಡ್ತಿದ್ದ. ದುಡ್ಡು ಅವನದು, ಹೆಸರು ಯಾರೋ ಗಡ್ಡದವನದು! ಇಂಥ ನಷ್ಟದ ವ್ಯಾಪಾರವನ್ನು ಅಪ್ಪ-ಅಮ್ಮ ಬಿಟ್ಟು ಇನ್ಯಾರು ಮಾಡ್ತಾರೆ ಹೇಳಿ.

ಮಂಗಳೂರಿನ ಮಾತು ಹೇಳದೆ ಹೋದರೆ ಅಲ್ಲಿಯವರು ನನ್ನನ್ನು ಬಿಡುವುದಿಲ್ಲ. ಅಲ್ಲಿ 1834ರಲ್ಲಿ ಬಾಸೆಲ್ ಮಿಷನ್ ಬಂತು. ಆ ಮಿಷನ್ನಿನ ಮೂಲಕ ಬಂದ, ನಮ್ಮ ನಿಘಂಟಿನ ಕಿಟೆಲ್ ಹುಟ್ಟಿದ್ದು ಜರ್ಮನಿಯ ಈಸ್ಟ್ ಫ್ರೀಸಿಯಾದ ರೆಸ್ಟರ್‌ಹಾಫೆಯಲ್ಲಿ. ಆ ಸೀಮೆಯ ಮಕ್ಕಳು ಡಿಸೆಂಬರ್ 5ರ ರಾತ್ರಿ ನಿಕೋಲಸನಿಗಾಗಿ ತಟ್ಟೆ ಇಡುತ್ತಾರೆ. ಮಂಗಳೂರಿನ ಕೊಂಕಣಿ ಕಥೋಲಿಕರಲ್ಲೂ ಹಬ್ಬದ ಜೀವ ತಟ್ಟೆಯಲ್ಲೇ ಇದೆ. ಆದರೆ ಇವರು ತಟ್ಟೆ ಇಟ್ಟು ಕಾಯುವವರಲ್ಲ, ತುಂಬಿಸಿ ಕಳಿಸುವವರು. ಅದಕ್ಕೆ ಕುಸ್ವಾರ್ ಅನ್ನುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ. ಕಿಡಿಯೊ ಮಾಡುವ ದಿನ ಮನೆಮಂದಿಯೆಲ್ಲ ಸುತ್ತ ಕೂರಬೇಕು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೆಲಸ. ಆಮೇಲೆ ಬಟ್ಟೆ ಮುಚ್ಚಿದ ತಟ್ಟೆಗಳು ಹಿಂದೂ, ಮುಸಲ್ಮಾನ ನೆರೆಮನೆಗಳಿಗೆ ಹೊರಡುತ್ತವೆ, ಹೊತ್ತು ತಿರುಗುವವರೂ ಮಕ್ಕಳೇ. ಅಮೆರಿಕದ ಮಗು ತನ್ನ ಕಾಲುಚೀಲ ತುಂಬುವುದನ್ನು ಕಾಯುತ್ತದೆ, ಮಂಗಳೂರಿನ ಮಗು ಊರಿನ ತಟ್ಟೆ ತುಂಬುತ್ತದೆ. ಎರಡೂ ಒಂದೇ ಮನೆಯಲ್ಲಿ ಇದ್ದರೆ ಎಷ್ಟು ಚೆನ್ನ!

ಇನ್ನು ನನ್ನ ಅಸಮಾಧಾನದ ಮಾತೊಂದಿದೆ. ಅಂಗಡಿಯ ಈ ಕೆಂಪು ಕಾಲುಚೀಲ ನನಗೆ ಹಿಡಿಸುವುದಿಲ್ಲ. ಎಲ್ಲರ ಮನೆಯದ್ದೂ ಒಂದೇ ಅಳತೆ. ಹಳೆಯ ಕಾಲುಚೀಲಕ್ಕೆ ಒಂದು ಅಂಕೆ ಇತ್ತು, ಮಗುವಿನ ಕಾಲು ಎಷ್ಟೋ ಆಸೆಯೂ ಅಷ್ಟೇ. ಅದರಲ್ಲಿ ಸೈಕಲ್ ಹಿಡಿಯುವುದಿಲ್ಲ, ಟ್ಯಾಬ್ ಹಿಡಿಯುವುದಿಲ್ಲ. ಬುಗುರಿ, ಗೋಲಿ, ರಬ್ಬರು, ಬಣ್ಣದ ಪೆನ್ಸಿಲ್ ಹಿಡಿಯುತ್ತವೆ. ತುದಿಯಲ್ಲಿ ಮಾತ್ರ ಒಂದು ಕಿತ್ತಳೆ ಇರಲೇಬೇಕು. ನಿಕೋಲಸನ ಚಿನ್ನಕ್ಕೆ ಅದು ಬದಲಿ ಅಂತ ಹೇಳುತ್ತಾರೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಕಿತ್ತಳೆ ಅಂದರೆ ದೂರದಿಂದ ಹಡಗೇರಿ ಬರುವ ದುಬಾರಿ ಹಣ್ಣು. ನಮಗೇನು ಕಮ್ಮಿ? ಕೊಡಗಿನ ಕಿತ್ತಳೆ ಇದೆ. ತೆಳು ಸಿಪ್ಪೆ, ಹುಳಿಮಿಶ್ರಿತ ಸಿಹಿ. ರೋಗಕ್ಕೆ ತುತ್ತಾಗಿ ತೋಟಗಳು ಕಡಿಮೆಯಾದವು, ಈಗ ಹುಡುಕಿ ತರಬೇಕು. ಹುಡುಕಿ. ಇಂಗ್ಲೆಂಡಿನವರು ಹಾಕುವ ಬಾದಾಮಿ, ಅಕ್ರೋಟಿನ ಜಾಗಕ್ಕೆ ನಮ್ಮ ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿ ಹಾಕಿ. ಕಾರ್ತಿಕದ ಕೊನೇ ಸೋಮವಾರಕ್ಕೂ ಕ್ರಿಸ್‌ಮಸ್ಸಿಗೂ ಬಹಳ ದಿನವೇನಿಲ್ಲ, ಕೆಡುವುದಿಲ್ಲ.

ನೀವು ಕ್ರೈಸ್ತರಾಗಿರಬೇಕು ಅಂತಲೂ ಇಲ್ಲ. ಮನೆಗೆಲಸದವರ ಮಗುವಿಗೋ ಪಕ್ಕದ ಮನೆಯ ಮಗುವಿಗೋ ಒಂದು ಸಲ ಮಾಡಿ ನೋಡಿ. ಮಗುವಿನ ಅಪ್ಪ-ಅಮ್ಮನಿಗೆ ಮೊದಲೇ ತಿಳಿಸಿ, ಉಡುಗೊರೆಯನ್ನು ಅವರ ಕೈಗೇ ಕೊಡಿ, ಅವರೇ ತುಂಬಲಿ. ಒಗೆದ ಹಳೇ ಕಾಲುಚೀಲವೇ ಸಾಕು, ತೂತಿದ್ದರೆ ಎರಡು ಹೊಲಿಗೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ಗೋಲಿ ನೆಲಕ್ಕೆ ಬಿದ್ದು ರಾತ್ರಿಯೇ ಗುಟ್ಟು ರಟ್ಟಾಗುತ್ತದೆ. ಬೆಳಿಗ್ಗೆ ಮಗು ಬಂದು ತೋರಿಸಿದಾಗ ಹೌದಾ, ಯಾರು ಕೊಟ್ಟಿರಬಹುದು ಅಂತ ನೀವೇ ಮೊದಲು ಕೇಳಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಚಪಲವನ್ನು ಒಂದೇ ಒಂದು ದಿನ ತಡೆದುಕೊಳ್ಳಿ. ಮೈರಾದ ಬಿಷಪ್ಪನಿಂದ ಪೀಣ್ಯದ ಕಾರ್ಮಿಕನವರೆಗೆ ಈ ಹಬ್ಬವನ್ನು ಉಳಿಸಿಕೊಂಡು ಬಂದವರು ಪಾಲಿಸಿದ ನೇಮ ಅದೊಂದೇ.